ಭಾದ್ರಪದದಲ್ಲಿ ಬಿಳಿ ಹಕ್ಕಿಗಳು

ರಾಯಚೂರು
೧೧ ಜೂನ್ ೨೦೦೬

ಶ್ರೀರಮಾ ಬಾಯಿಯವರೇ,

ನಿಮ್ಮ ಕಥೆಯಲ್ಲಿ ಅಡಗಿಸಿಟ್ಟ ಸುಳ್ಳು ಸಿಕ್ಕಿತು. ಹನ್ನೊಂದನೇ ಪುಟದಲ್ಲಿ ನಿಮ್ಮ ಗಗನಯಾತ್ರಿ ಚಂದ್ರನ ಮೇಲೆ ತನ್ನ ಗುಡಾರದ ಮುಂದೆ ಕುಳಿತು ಭೂಮಿ ಮುಳುಗುವುದನ್ನು ನೋಡುತ್ತಾನೆ. ಚಂದ್ರನ ಮೇಲೆ ಒಂದೇ ಕಡೆ ಕುಳಿತವನಿಗೆ ಭೂಮಿ ಹುಟ್ಟುವುದೂ ಇಲ್ಲ, ಮುಳುಗುವುದೂ ಇಲ್ಲ, ಗೋಡೆಗೆ ಹೊಡೆದ ಮೊಳೆಯಂತೆ ಅಲ್ಲೇ ಇರುತ್ತದೆ. ಸೋತಿರಿ! ಕಥೆಯಲ್ಲಿ ಬೇಕೆಂದೇ ಒಂದು ತಪ್ಪು ಅಡಗಿಸಿ ಇನ್ನೊಬ್ಬರಿಂದ ಹುಡುಕಿಸುವ ನಮ್ಮ ಈ ಆಟದಲ್ಲಿ ನನಗೆ ಇದು ಹದಿನೇಳನೆಯ ಗೆಲುವು. ನಿಮ್ಮ ಲೆಕ್ಕ ಕೇಳುವುದಿಲ್ಲ, ಹೊಟ್ಟೆಯುರಿಯುತ್ತದೆ.

‘ಗಗನಗಾಮಿ’ ಮಾಸಿಕದ ಓದುಗರ ಅಂಕಣದಲ್ಲಿ ನೀವು ನನ್ನ ಮೊದಲ ಕಥೆಯನ್ನು ಸೀಳಿ ಹಾಕಿ ಇಪ್ಪತ್ತಮೂರು ವರ್ಷವಾಯಿತು. ಪತ್ರಿಕೆ ಮುಚ್ಚಿಯೇ ಹದಿನೈದು ವರ್ಷ. ಒಮ್ಮೆಯೂ ಮುಖ ನೋಡದ ನಾವಿಬ್ಬರು ಮಾತ್ರ ಇನ್ನೂ ವೈಜ್ಞಾನಿಕ ಕಥೆ ಬರೆದು ಒಬ್ಬರಿಗೊಬ್ಬರು ಅಂಚೆಗೆ ಹಾಕುತ್ತಿದ್ದೇವೆ. ಇದನ್ನು ಹುಚ್ಚು ಎನ್ನದೆ ಮತ್ತೇನು ಅನ್ನಬೇಕು?

ಅಂಥ ಗೆಳತಿ ನನ್ನಿಂದ ಒಂದು ಸಂಗತಿ ಮುಚ್ಚಿಟ್ಟಿದ್ದಾಳೆಂದು ಹೋದ ವಾರ ಗೊತ್ತಾಯಿತು. ನಮ್ಮೂರ ಕಾಶಿಯಾತ್ರಾ ಮಂಡಳಿಯ ಪ್ರಹ್ಲಾದಾಚಾರ್ಯರು ಒಂದು ಕರಪತ್ರ ಕೈಗಿಟ್ಟರು. ‘ನಿಮ್ಮ ಊರಲ್ಲೇ ಕುಳಿತು ಕಾಶಿಯ ಶ್ರಾದ್ಧವನ್ನು ಕಂಪ್ಯೂಟರಿನಲ್ಲಿ ನೇರ ನೋಡಿ. ಹನುಮಾನ್ ಘಾಟಿನ ವೇದವ್ಯಾಸಾಚಾರ್ಯರ ಸಾನ್ನಿಧ್ಯದಲ್ಲಿ.’ ವೇದವ್ಯಾಸಾಚಾರ್ಯರು ಎಂದರೆ ನಿಮ್ಮ ತಂದೆ! ಯಂತ್ರ ಮನೆಯ ಜಗುಲಿಗೇ ಬಂದು ಕೂತಿದೆ, ನೀವು ಒಂದಕ್ಷರ ಬರೆಯಲಿಲ್ಲ. ಏನು ಸಮಾಚಾರ?

ಕೇಳುವುದಕ್ಕೆ ಕಾರಣವಿದೆ. ಅಮ್ಮ ತೀರಿಕೊಂಡು ಬರುವ ಭಾದ್ರಪದ ಬಹುಳ ದ್ವಾದಶಿಗೆ ವರ್ಷ. ಕಾಶಿಗೆ ಕರೆದುಕೊಂಡು ಹೋಗು ಎಂದು ಅವಳು ಮೂವತ್ತು ವರ್ಷ ಕೇಳಿದಳು. ಕಾಲೇಜಿನ ಪರೀಕ್ಷೆ, ಪ್ರಯೋಗಶಾಲೆಯ ದಾಸ್ತಾನು, ಮುಂದಿನ ರಜೆ ಎಂದು ನಾನು ಮೂವತ್ತು ವರ್ಷ ತಳ್ಳಿದೆ. ಕೊನೆಗೆ ಕೇಳುವುದನ್ನೇ ಬಿಟ್ಟಳು. ಈಗ ನನ್ನ ಸೊಂಟದ ಕೀಲಿಗೆ ಸ್ಟೀಲು ಕೂರಿಸಿದ್ದಾರೆ, ರೈಲು ಹತ್ತುವ ಹಾಗಿಲ್ಲ. ಮಂತ್ರ ನಂಬದವನು ನಾನು, ನಿಮಗೆ ಗೊತ್ತು. ಆದರೆ ಅವಳು ನಂಬಿದ್ದಳು. ಅವಳ ವರ್ಷಾಬ್ದಿಕ ಕಾಶಿಯಲ್ಲಿ ಆಗಬೇಕು, ಅಷ್ಟೇ ನನಗೆ ಬೇಕಾದದ್ದು.

ನಿಮ್ಮ
ಬದರಿ


ಹನುಮಾನ್ ಘಾಟ್, ಕಾಶಿ
೨೮ ಜೂನ್ ೨೦೦೬

ಬದರಿ ರಾಯರೇ,

ಮೊಳೆ ಸಿಕ್ಕಿತೆಂದು ಇಷ್ಟು ಕುಣಿಯಬೇಡಿ, ಸೊಂಟ ನೋಡಿಕೊಳ್ಳಿ.

ಕರಪತ್ರ ನನ್ನ ತಮ್ಮ ನರಸಿಂಹನ ಕೆಲಸ. ಗೋದೌಲಿಯಾದಲ್ಲಿ ಅವನ ಸೈಬರ್ ದುಕಾನು ಇದೆಯಲ್ಲ, ಅಲ್ಲಿಂದ ಈ ಗಲಿಯವರೆಗೆ ತಂತಿ ಎಳೆಸಿದ್ದಾನೆ. ಇಪ್ಪತ್ತು ವರ್ಷದ ಹಿಂದೆ ನಾವು ಇಂಥದನ್ನು ಕಥೆಯಲ್ಲಿ ಬರೆದಿದ್ದರೆ ಎಷ್ಟು ಹಿಗ್ಗುತ್ತಿದ್ದೆನೋ. ಈಗ ಆ ಕ್ಯಾಮರಾ ಅಂಗಳದ ಮೂಲೆಯಲ್ಲಿ ಕೂತಿರುವುದನ್ನು ಕಂಡರೆ ಅದರ ಮೇಲೊಂದು ಪಂಚೆ ಹಾಕಿ ಮುಚ್ಚೋಣ ಅನ್ನಿಸುತ್ತದೆ. ‘ಅರೇ ದೀದಿ, ನೀನs ಹಗಲೆಲ್ಲಾ ರಾಕೆಟ್ಟಿನ ಕಥಿ ಓದ್ತಿ, ಒಂದು ಕ್ಯಾಮರಾಕ್ಕ ಹೆದರ್ತೀಯೇನು?’ ಎಂದು ನಗುತ್ತಾನೆ.

ನಿಮ್ಮ ತಾಯಿಯ ಕೆಲಸಕ್ಕೆ ಕ್ಯಾಮರಾ ಬೇಡ ರಾಯರೇ. ಈ ವರ್ಷ ರಾಯಚೂರಿನಲ್ಲೇ ಮಾಡಿ ಮುಗಿಸಿ. ಕಾಲು ಸರಿಯಾದ ಮೇಲೆ ನೀವೇ ಬನ್ನಿ. ನಾನೇ ಅಡುಗೆ ಮಾಡುತ್ತೇನೆ, ಗಂಗೆಗೆ ನೀವೇ ಕೈಯಾರೆ ಬಿಡಿ. ಒಂದು ವರ್ಷ ತಡವಾದರೆ ಪದ್ಮಾಬಾಯಿಯವರು ಮುನಿಸಿಕೊಳ್ಳುವುದಿಲ್ಲ.

ಅಪ್ಪ ಚೆನ್ನಾಗಿದ್ದಾರೆ.

ಶ್ರೀರಮಾ


ರಾಯಚೂರು
೧೫ ಜುಲೈ ೨೦೦೬

ಶ್ರೀರಮಾ ಬಾಯಿಯವರೇ,

ಮೂವತ್ತು ವರ್ಷ ತಳ್ಳಿದವನಿಗೆ ಇನ್ನೊಂದು ವರ್ಷ ತಳ್ಳು ಅನ್ನುತ್ತೀರಿ! ನಿಮಗೆ ಹೇಗೆ ಬಾಯಿ ಬಂತು?

ನಿಮ್ಮ ಪತ್ರವನ್ನು ನಾಲ್ಕು ಸಲ ಓದಿದೆ. ನಿಮಗೆ ಕ್ಯಾಮರಾದ ಮೇಲೆ ಸಿಟ್ಟೋ, ತಮ್ಮನ ಮೇಲೋ, ನನ್ನ ಮೇಲೋ ತಿಳಿಯಲಿಲ್ಲ. ಇದ್ದಕ್ಕಿದ್ದಂತೆ ಮಡಿಯ ಮುದುಕಿಯರ ಹಾಗೆ ಯಂತ್ರ ಮುಟ್ಟಿದರೆ ಮೈಲಿಗೆ ಎನ್ನತೊಡಗಿದಿರೋ? ನಾನಂತೂ ಹೀಗೆ ತಿಳಿದೆ: ತಂದೆಯ ವೃತ್ತಿ ತಂತಿಯೊಳಗೆ ಹೋಗುವುದು ನಿಮಗೆ ಸಹಿಸುತ್ತಿಲ್ಲ. ಕಥೆಯಲ್ಲಿ ಭವಿಷ್ಯ ಚಂದ, ಅಂಗಳಕ್ಕೆ ಬಂದರೆ ಬೇಡ. ಬೇಜಾರಾಯಿತು.

ನರಸಿಂಹನಿಗೆ ಫೋನು ಮಾಡಿದೆ. ನಮ್ಮ ನಡುವೆ ಪತ್ರ ಮಾತ್ರ, ಫೋನು ಬೇಡ ಎಂಬ ಒಪ್ಪಂದ ನನ್ನ ನಿಮ್ಮದು, ಅವನದಲ್ಲವಲ್ಲ. ‘ಬಿಲ್ಕುಲ್ ಆಗ್ತದ ಕಾಕಾ, ಸೆಪ್ಟೆಂಬರ್ ಹತ್ತೊಂಬತ್ತಕ್ಕ ಹನ್ನೊಂದು ಗಂಟೆಗೆ ಕಂಪ್ಯೂಟರ್ ಮುಂದ ಕೂಡ್ರಿ’ ಎಂದ. ಹೆಸರುಗಳನ್ನು ನಿಮಗೂ ಬರೆಯುತ್ತೇನೆ. ತಾಯಿ ಪದ್ಮಾಬಾಯಿ. ಅಜ್ಜಿ ತುಳಸಾಬಾಯಿ. ಮುತ್ತಜ್ಜಿ ರಖಮಾಬಾಯಿ. ಕಾಶ್ಯಪ ಗೋತ್ರ.

ನನಗೆ ನಿಮ್ಮ ತಮ್ಮನ ಯಂತ್ರದ ಮೇಲೆ ಅಷ್ಟು ಭರವಸೆಯಿಲ್ಲ. ಭರವಸೆ ನಿಮ್ಮ ಮನೆಯ ಮೇಲೆ.

ಬದರಿ


ಹನುಮಾನ್ ಘಾಟ್
೨೬ ಆಗಸ್ಟ್ ೨೦೦೬

ಬದರಿ ರಾಯರೇ,

ನೀವು ಹಠ ಹಿಡಿದ ಮೇಲೆ ಮುಗಿಯಿತು. ಹೆಸರುಗಳನ್ನು ಬರೆದುಕೊಂಡಿದ್ದೇನೆ.

ನೀರು ಏರುತ್ತಿದೆ. ಘಾಟಿನ ಮೆಟ್ಟಿಲು ಪೂರ್ತಿ ಒಳಗೆ ಹೋಗಿವೆ, ಈಗ ಗಲಿಯ ಬಾಯಿಗೆ ಬಂದಿದೆ. ಈ ಊರಿನವರು ಬಾಢ್ ಬಂತು ಎಂದು ದೋಣಿಗಳನ್ನು ಮೇಲಿನ ಮನೆಗಳ ಕಿಟಕಿಗೆ ಕಟ್ಟಿದ್ದಾರೆ.

ಪ್ಲೂಟೋ ಗ್ರಹವಲ್ಲವಂತೆ, ಮೊನ್ನೆ ಸಭೆ ಸೇರಿ ತೀರ್ಮಾನ ಮಾಡಿದರಂತೆ. ಎಲೆ ಹಾಕಿ, ಅನ್ನ ಬಡಿಸಿ, ಎಪ್ಪತ್ತಾರು ವರ್ಷವಾದ ಮೇಲೆ ಪಂಕ್ತಿಯಿಂದ ಎಬ್ಬಿಸಿದರು ನೋಡಿ. ಅದಕ್ಕೇನು ಗೊತ್ತು ಪಾಪ, ಮೊದಲು ಸುತ್ತುತ್ತಿದ್ದ ಹಾಗೇ ಸುತ್ತುತ್ತಿದೆ.

ಬೇರೇನೂ ಇಲ್ಲ.

ಶ್ರೀರಮಾ


ರಾಯಚೂರು
೨೦ ಸೆಪ್ಟೆಂಬರ್ ೨೦೦೬

ಶ್ರೀರಮಾ ಬಾಯಿಯವರೇ,

ನಿನ್ನೆ ಸ್ನಾನ ಮಾಡಿ, ಪಂಚೆ ಉಟ್ಟು, ಊರುಗೋಲು ಹಿಡಿದು ಹನ್ನೊಂದು ಗಂಟೆಗೆ ಸ್ಟೇಷನ್ ರಸ್ತೆಯ ಸೈಬರ್ ಕೆಫೆಯಲ್ಲಿ ಕೂತೆ. ಅಕ್ಕಪಕ್ಕದಲ್ಲಿ ಹುಡುಗರು ಗುಂಡು ಹಾರಿಸುವ ಆಟ ಆಡುತ್ತಿದ್ದರು. ಆ ಸದ್ದಿನ ನಡುವೆ ಅಂಗೈಯಗಲದ ಚಿತ್ರದಲ್ಲಿ ಗಂಗೆ ಬಂದಳು. ನಿಂತು ನಿಂತು ಬಂದಳು, ಆದರೂ ಬಂದಳು!

ನಿಮ್ಮ ತಂದೆಯವರನ್ನು ಮೊದಲ ಸಲ ನೋಡಿದೆ. ಶಾಲು ಹೊದ್ದು ಮೆಟ್ಟಿಲ ಮೇಲೆ ಕುಳಿತಿದ್ದರು. ಎಂಥ ಕಂಠ! ಹಿಂದೆ ನೀರಿನ ಮೇಲೆ ಬಿಳಿ ಹಕ್ಕಿಗಳ ಹಿಂಡು ಏಳುತ್ತಿತ್ತು, ಕೂರುತ್ತಿತ್ತು. ‘ಪದ್ಮಾಬಾಯಿ’ ಎಂದು ಕೇಳಿಸಿದ ಕೂಡಲೇ ನನ್ನ ಕಣ್ಣು ಮಂಜಾಯಿತು. ಗಲ್ಲಾದ ಹಿಂದಿನ ಹೆಣ್ಣುಮಗಳು ಓಡಿಬಂದು ‘ಯಾಕ್ರೀ ಸರ್, ನೆಟ್ ಹೋತೇನ್ರೀ?’ ಎಂದಳು.

ನಿಮ್ಮ ಮೇಲೆ ಬೇಜಾರು ಮಾಡಿಕೊಂಡದ್ದಕ್ಕೆ ಕ್ಷಮೆಯಿರಲಿ. ಈ ಉಪಕಾರವನ್ನು ನಾನು ಮರೆಯುವುದಿಲ್ಲ. ನರಸಿಂಹ ಸಿ.ಡಿ. ಕಳಿಸುತ್ತೇನೆಂದಿದ್ದಾನೆ, ಅದನ್ನು ಅಮ್ಮನ ಫೋಟೋದ ಹಿಂದೆ ಇಡುತ್ತೇನೆ.

ಬದರಿ


ಹನುಮಾನ್ ಘಾಟ್
೪ ಅಕ್ಟೋಬರ್ ೨೦೦೬

ಬದರಿ ರಾಯರೇ,

ಸಿ.ಡಿ. ಇಟ್ಟುಕೊಳ್ಳಿ. ಆದರೆ ಅದನ್ನೇ ಹಾಕಿಕೊಂಡು ಕೂರಬೇಡಿ. ಆಗಬೇಕಾದ್ದು ಆಗಿದೆ, ಅಷ್ಟು ನಂಬಿ.

ಹೊಸ ಕಥೆ ಶುರು ಮಾಡಿದ್ದೀರಾ? ನಾನು ಮಾಡಿಲ್ಲ.

ಶ್ರೀರಮಾ


ರಾಯಚೂರು
೨೫ ಅಕ್ಟೋಬರ್ ೨೦೦೬

ಶ್ರೀರಮಾ ಬಾಯಿಯವರೇ,

ಹದಿನೆಂಟನೆಯ ಗೆಲುವು ನನ್ನದು. ಈ ಸಲ ಸುಳ್ಳು ಅಡಗಿದ್ದು ಕಥೆಯಲ್ಲಲ್ಲ.

ಸಿ.ಡಿ.ಯನ್ನೇ ಹಾಕಿಕೊಂಡು ಕೂರಬೇಡಿ ಎಂದಿರಿ. ಅಷ್ಟು ಹೇಳದಿದ್ದರೆ ಬಹುಶಃ ಒಂದೇ ಸಲ ನೋಡಿ ಎತ್ತಿಡುತ್ತಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗಾಯಿತು. ಹನ್ನೊಂದು ಸಲ ನೋಡಿದೆ. ಕಾಲೇಜಿನ ಕಂಪ್ಯೂಟರಿನಲ್ಲಿ, ಚಿತ್ರ ದೊಡ್ಡದು ಮಾಡಿ.

ನಿಮ್ಮ ಆಗಸ್ಟಿನ ಪತ್ರ ನನ್ನ ಮುಂದಿದೆ. ಮೆಟ್ಟಿಲು ಪೂರ್ತಿ ಒಳಗೆ ಹೋಗಿವೆ ಎಂದು ನೀವೇ ಬರೆದಿದ್ದೀರಿ. ಚಿತ್ರದಲ್ಲಿ ಹದಿನಾಲ್ಕು ಮೆಟ್ಟಿಲು ಎಣಿಸಿದೆ, ಒಣಗಿ ಬೆಳ್ಳಗಿವೆ. ಇಪ್ಪತ್ತನಾಲ್ಕು ದಿನದಲ್ಲಿ ಇಳಿಯಿತು ಅನ್ನುತ್ತೀರಾ? ಇಳಿದಿದ್ದರೆ ಕೆಸರು ಎಲ್ಲಿ? ಭಾದ್ರಪದದ ಬೇಗೆಯಲ್ಲಿ ನಿಮ್ಮ ತಂದೆಯವರಿಗೆ ಶಾಲು ಯಾಕೆ ಬೇಕಾಯಿತು?

ಇವೆಲ್ಲ ಹೋಗಲಿ. ಹಕ್ಕಿಗಳು! ೧೯೯೬ರ ಡಿಸೆಂಬರಿನಲ್ಲಿ ನೀವು ಎರಡು ಪುಟ ಬರೆದಿದ್ದಿರಿ. ಸೈಬೀರಿಯಾದಿಂದ ಬಿಳಿ ಹಕ್ಕಿಗಳು ಕಾರ್ತಿಕದಲ್ಲಿ ಗಂಗೆಗೆ ಬರುತ್ತವೆ, ಹೋಳಿಯ ಹೊತ್ತಿಗೆ ತಿರುಗಿ ಹೋಗುತ್ತವೆ, ಅಷ್ಟು ದೂರದಿಂದ ದಿಕ್ಸೂಚಿ ಇಲ್ಲದೆ ಬರುವ ಇವುಗಳ ಮುಂದೆ ನಮ್ಮ ಕಥೆಯ ನೌಕೆಗಳು ಯಾವ ಲೆಕ್ಕ ಎಂದು. ಆ ಪತ್ರವನ್ನೂ ತೆಗೆದಿಟ್ಟಿದ್ದೇನೆ. ಭಾದ್ರಪದದಲ್ಲಿ ಅವು ಬಂದದ್ದು ಹೇಗೆ? ಅವಕ್ಕೂ ನರಸಿಂಹ ಫೋನು ಮಾಡಿದ್ದನೋ?

ಚಳಿಗಾಲದಲ್ಲಿ ತೆಗೆದ ಯಾವುದೋ ಹಳೆಯ ಚಿತ್ರ ಅದು. ನನಗೆ ತೋರಿಸಿದ್ದು ಅದನ್ನೇ, ಎಲ್ಲರಿಗೂ ತೋರಿಸುತ್ತಿರುವುದು ಅದನ್ನೇ. ಒಪ್ಪುತ್ತೀರೋ ಇಲ್ಲವೋ? ಅದಕ್ಕಿಂತ ಕೆಟ್ಟದ್ದೊಂದಿದೆ. ಮಂತ್ರವೆಲ್ಲ ನಿಮ್ಮ ತಂದೆಯ ಕಂಠ. ಗೋತ್ರ ಮತ್ತು ಹೆಸರು ಬಂದಾಗ ಮಾತ್ರ ಕಂಠ ಬದಲಾಗುತ್ತದೆ. ನಾನು ಫೋನಿನಲ್ಲಿ ಕೇಳಿದ ಕಂಠ ಅದು. ನಿಮ್ಮ ತಮ್ಮ ತನ್ನ ದುಕಾನಿನಲ್ಲಿ ಚಹಾ ಕುಡಿಯುತ್ತ ನನ್ನ ಅಮ್ಮನ ಹೆಸರನ್ನು ಮೈಕಿಗೆ ಹೇಳಿ ನಡುವೆ ಅಂಟಿಸಿದ್ದಾನೆ. ಅದನ್ನು ಕೇಳಿ ನಾನು ಅತ್ತೆ. ನೆನೆದರೆ ಮೈಯೆಲ್ಲ ಉರಿಯುತ್ತದೆ.

ನೀವು ಇದನ್ನೆಲ್ಲ ಬಲ್ಲಿರಿ. ಅದಕ್ಕೇ ಬೇಡ ಬೇಡ ಎಂದಿರಿ. ಬೇಡ ಅನ್ನುವ ಧೈರ್ಯವಿತ್ತು, ಯಾಕೆ ಎಂದು ಹೇಳುವ ಧೈರ್ಯವಿರಲಿಲ್ಲ. ಇಪ್ಪತ್ತಮೂರು ವರ್ಷದಲ್ಲಿ ಇನ್ನೂ ಏನೇನು ಮುಚ್ಚಿಟ್ಟಿದ್ದೀರೋ ಎಂದು ಈಗ ಹಳೆಯ ಪತ್ರಗಳನ್ನೆಲ್ಲ ಸಂಶಯದಿಂದ ಓದುತ್ತಿದ್ದೇನೆ.

ಹದಿನೈದು ದಿನ ಕಾಯುತ್ತೇನೆ. ಉತ್ತರ ಬರದಿದ್ದರೆ ಪ್ರಹ್ಲಾದಾಚಾರ್ಯರಿಗೆ ಎಲ್ಲ ಬರೆದುಕೊಡುತ್ತೇನೆ. ನಮ್ಮೂರ ಯಾತ್ರಿಕರನ್ನು ನಿಮ್ಮ ಮನೆಗೆ ಕಳಿಸುವವರು ಅವರೇ, ನಿಮಗೆ ಗೊತ್ತು.

ಬದರಿನಾರಾಯಣ


ರಾಯಚೂರು
೧೨ ನವೆಂಬರ್ ೨೦೦೬

ಶ್ರೀಮತಿ ಅಥವಾ ಕುಮಾರಿ ಶ್ರೀರಮಾ ಅವರಿಗೆ,

ಹದಿನೆಂಟು ದಿನವಾಯಿತು. ಒಪ್ಪಂದ ಮುರಿದು ನಿಮ್ಮ ಜೊತೆ ಮಾತಾಡಬೇಕೆಂದು ದುಕಾನಿಗೆ ಫೋನು ಮಾಡಿದೆ. ‘ದೀದಿಗೆ ಫುರಸತ್ ಇಲ್ಲ’ ಎಂದು ನರಸಿಂಹ ಇಟ್ಟುಬಿಟ್ಟ. ಸತ್ಯ ಹೇಳುವುದಕ್ಕೂ ಫುರಸತ್ ಬೇಕೆಂದು ಇಂದು ತಿಳಿಯಿತು.

ಮಂಡಳಿಗೆ ನಾಲ್ಕು ಪುಟದ ದೂರು ಕೊಟ್ಟು ಈಗ ತಾನೇ ಬಂದೆ. ಸಿ.ಡಿ.ಯನ್ನೂ ಕೊಟ್ಟೆ. ನಿಮ್ಮ ಹಕ್ಕಿಯ ಪತ್ರವನ್ನು ಮಾತ್ರ ಕೊಡಲಿಲ್ಲ, ಅದರ ವಿಷಯ ನಾನೇ ಬರೆದೆ.

ಅಮ್ಮನ ವರ್ಷಾಬ್ದಿಕ ಆಗಲಿಲ್ಲ. ಬದುಕಿದ್ದಾಗ ಒಂದು ಸಲ ಮೋಸ ಮಾಡಿದೆ, ಸತ್ತ ಮೇಲೆ ನಿಮ್ಮನ್ನು ನಂಬಿ ಇನ್ನೊಂದು ಸಲ ಮಾಡಿದೆ.

ಬದರಿನಾರಾಯಣ


ಹನುಮಾನ್ ಘಾಟ್
೮ ನವೆಂಬರ್ ೨೦೦೬

ಬದರಿ ರಾಯರೇ,

ನಿಮ್ಮ ಅಕ್ಟೋಬರಿನ ಪತ್ರ ಕೈಗೆ ಬಂದ ದಿನವೇ ಅಪ್ಪನಿಗೆ ಜ್ವರ ಏರಿತು. ಅದು ನೆಪ, ಒಪ್ಪುತ್ತೇನೆ. ಜ್ವರ ಐದು ದಿನದಲ್ಲಿ ಇಳಿಯಿತು. ಉಳಿದ ದಿನ ನಾನು ಹೆದರಿ ಕೂತಿದ್ದೆ.

ಹಕ್ಕಿಗಳ ವಿಷಯ ನಿಜ. ಚಿತ್ರ ಎರಡು ಚಳಿಗಾಲದ ಹಿಂದಿನದು. ಹೆಸರು ಹೇಳಿದ್ದು ನರಸಿಂಹ. ಎಲ್ಲ ಸರಿಯಾಗಿ ಹಿಡಿದಿದ್ದೀರಿ. ಆ ಚಿತ್ರ ಮೋಸಕ್ಕೆಂದು ತೆಗೆದದ್ದಲ್ಲ. ಅಪ್ಪನ ಕಂಠ ನಮಗೆ ಉಳಿಯಲಿ ಎಂದು ತೆಗೆದದ್ದು.

ಅಪ್ಪ ಚೆನ್ನಾಗಿದ್ದಾರೆ ಎಂದು ನಿಮಗೆ ಬರೆದೆ. ಅದು ಸುಳ್ಳು. ಒಂದೂವರೆ ವರ್ಷದಿಂದ ಅವರಿಗೆ ನೆನಪು ಹೋಗುತ್ತಿದೆ. ಮಂತ್ರ ಮರೆತಿಲ್ಲ, ಅದು ನೀರು ಹರಿದ ಹಾಗೆ ಬರುತ್ತದೆ. ಹೆಸರು ಬರುವ ಜಾಗಕ್ಕೆ ಬಂದರೆ ನಿಲ್ಲುತ್ತಾರೆ. ಎದುರಿಗೆ ಕೂತವನನ್ನು ನೋಡಿ ‘ಯಾರದಪಾ ಇದು?’ ಎನ್ನುತ್ತಾರೆ. ಎಷ್ಟು ಹೇಳಿಕೊಟ್ಟರೂ ಕೊನೆಗೆ ಅವರ ಬಾಯಿಂದ ಬರುವುದು ‘ಅನಂತಲಕ್ಷ್ಮಿ’. ನಮ್ಮ ಅಮ್ಮನ ಹೆಸರು. ಕಳೆದ ಚೈತ್ರದಲ್ಲಿ ಲಿಂಗಸುಗೂರಿನಿಂದ ಬಂದವರ ಶ್ರಾದ್ಧದಲ್ಲಿ ಮೂರು ಪಿಂಡವನ್ನೂ ನಮ್ಮ ಅಮ್ಮನಿಗೇ ಕೊಟ್ಟರು. ಕೂತವರಿಗೆ ತಿಳಿಯಲಿಲ್ಲ. ಅಡುಗೆಮನೆಯಲ್ಲಿದ್ದ ನನಗೆ ತಿಳಿಯಿತು. ಸೌಟು ಹಿಡಿದು ಅಲ್ಲೇ ಅತ್ತೆ.

ಅಂದೇ ನಿಲ್ಲಿಸಬೇಕಿತ್ತು. ಆಚಾರ್ಯರಿಗೆ ಮರೆವು ಎಂದು ಘಾಟಿನಲ್ಲಿ ಗೊತ್ತಾದರೆ ಅಪ್ಪನನ್ನು ಯಾರೂ ಪೀಠದ ಹತ್ತಿರ ಬಿಡುವುದಿಲ್ಲ, ಆ ಅವಮಾನವನ್ನು ಅವರು ತಡೆಯಲಾರರು ಎಂದು ನಾವಿಬ್ಬರೂ ಸುಮ್ಮನಾದೆವು. ಆಮೇಲೆ ನರಸಿಂಹ ಈ ದಾರಿ ಹುಡುಕಿದ. ‘ಮಂತ್ರ ಅಪ್ಪಂದs, ಗಂಗಾ ಗಂಗಾನs, ಫೋಟೋದಾಗ ಏನ್ ಫರಕ್ ಬೀಳ್ತದ?’ ಎಂದ. ನಾನು ಜಗಳವಾಡಿದೆ, ಸೋತೆ. ಒಳಗೊಳಗೇ ಸೋಲುವ ಮನಸ್ಸೂ ಇತ್ತು.

ನಿಮ್ಮ ತಾಯಿಯ ಹೆಸರನ್ನು ಅವನು ಕಂಪ್ಯೂಟರಿಗೆ ತುಂಬುವಾಗ ಮಾತ್ರ ನನಗೆ ತಡೆಯಲಾಗಲಿಲ್ಲ. ಈಗ ಹೇಳುವುದನ್ನು ಈ ಊರಿನಲ್ಲಿ ಯಾರಿಗೂ ಹೇಳಿಲ್ಲ.

ಹತ್ತೊಂಬತ್ತರಂದು ನರಸಿಂಹ ದುಕಾನಿಗೆ ಹೋದ. ನಾನು ತಣ್ಣೀರು ಸುರಿದುಕೊಂಡು ಒದ್ದೆ ಸೀರೆಯಲ್ಲೇ ಅನ್ನ ಮಾಡಿದೆ. ಎಳ್ಳು, ದರ್ಭೆ, ಬಾಳೆಲೆ ಎಲ್ಲ ಹಿಂದಿನ ದಿನವೇ ಇಟ್ಟುಕೊಂಡಿದ್ದೆ. ಅಪ್ಪನನ್ನು ಅಂಗಳದ ಗೋಡೆಗೆ ಒರಗಿಸಿ ಕೂರಿಸಿದೆ, ದಕ್ಷಿಣಕ್ಕೆ ಮುಖ ಮಾಡಿ ನಾನು ಕೂತೆ. ನಲವತ್ತು ವರ್ಷ ಬಾಗಿಲ ಹಿಂದೆ ನಿಂತು ಕೇಳಿದ್ದೇನೆ ರಾಯರೇ, ಒಂದಕ್ಷರ ತಪ್ಪದ ಹಾಗೆ ಬರುತ್ತದೆ. ಜನಿವಾರವನ್ನು ಬಲಹೆಗಲಿಗೆ ತಿರುಗಿಸಬೇಕಾದ ಜಾಗ ಬಂತು. ನನಗೆಲ್ಲಿಯ ಜನಿವಾರ? ಸೆರಗನ್ನು ಎಡಹೆಗಲಿಂದ ತೆಗೆದು ಬಲಹೆಗಲಿಗೆ ಹಾಕಿಕೊಂಡೆ.

ಪದ್ಮಾಬಾಯಿ. ತುಳಸಾಬಾಯಿ. ರಖಮಾಬಾಯಿ. ಮೂರು ಹೆಸರನ್ನೂ ಗಟ್ಟಿಯಾಗಿ ಹೇಳಿದೆ. ಕಾಶ್ಯಪ ಗೋತ್ರ ಎಂದೆ. ಬದರಿನಾರಾಯಣನಿಗಾಗಿ ಎಂದೆ. ಒಂದು ಕಡೆ ಸ್ವರ ತಪ್ಪಿತು. ಅಪ್ಪ ಕಣ್ಣು ಮುಚ್ಚಿಕೊಂಡೇ ತಿದ್ದಿದರು. ‘ಮುಂದ ಹೇಳವಾ, ನಿಲ್ಲಿಸಬ್ಯಾಡ’ ಎಂದರು. ನಾನು ಹೆಣ್ಣು ಎಂಬುದು ಆಗ ಅವರಿಗೆ ನೆನಪಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಪಿಂಡಗಳನ್ನು ಎಲೆಯಲ್ಲಿ ತೆಗೆದುಕೊಂಡು ಗಲಿಯ ತುದಿಗೆ ಹೋಗಿ ನೀರಿಗೆ ಬಿಟ್ಟೆ. ನೀರು ಅಲ್ಲಿಗೇ ಬಂದಿತ್ತು.

ಹೆಂಗಸು ಪಿಂಡ ಇಡುವುದು ನಮ್ಮ ಮನೆತನದಲ್ಲಿ ಇಲ್ಲ, ಈ ಘಾಟಿನಲ್ಲೇ ಇಲ್ಲ. ಅದಕ್ಕೆ ಬೆಲೆ ಇದೆಯೋ ಇಲ್ಲವೋ ನಾನು ವಾದಿಸುವುದಿಲ್ಲ. ಆದರೆ ಪದ್ಮಾಬಾಯಿಯವರ ಹೆಸರನ್ನು ಅಂದು ಗಂಗೆಯ ಹತ್ತಿರ ಒಂದು ಮನುಷ್ಯಜೀವ ಅನ್ನ ಕೈಯಲ್ಲಿ ಹಿಡಿದು ಹೇಳಿದೆ. ಆಗಬೇಕಾದ್ದು ಆಗಿದೆ ಎಂದು ನಾನು ಬರೆದದ್ದು ಇದನ್ನೇ.

ಮೊದಲೇ ಯಾಕೆ ಹೇಳಲಿಲ್ಲ? ನಿಮ್ಮ ಮೇಲೆ ನನಗೂ ಸಂಶಯವಿತ್ತು. ನೀವು ಮಂತ್ರ ನಂಬುವುದಿಲ್ಲ, ತಂತಿಯಲ್ಲಿ ಬಂದ ಶ್ರಾದ್ಧ ಒಪ್ಪುತ್ತೀರಿ, ಮಂಗಳ ಗ್ರಹದಲ್ಲಿ ಹೆಣ್ಣುಮಗಳೊಬ್ಬಳು ರಾಜ್ಯ ಆಳುವ ಕಥೆ ಬರೆಯುತ್ತೀರಿ. ಆದರೂ ನಿಮ್ಮ ಸ್ವಂತ ತಾಯಿಯ ಪಿಂಡವನ್ನು ಹೆಂಗಸೊಬ್ಬಳು ಇಟ್ಟಳು ಎಂದರೆ ನಿಮ್ಮ ಮುಖ ಹೇಗಾಗುತ್ತದೆ ಎಂದು ಊಹಿಸಲಾಗಲಿಲ್ಲ. ನೋಡದ ಮುಖವಲ್ಲವೇ.

ಮಂಡಳಿಗೆ ಬರೆಯುವ ಮೊದಲು ಇದನ್ನು ಓದುತ್ತೀರೆಂದು ಆಸೆ.

ಶ್ರೀರಮಾ


ಹನುಮಾನ್ ಘಾಟ್
೨೭ ನವೆಂಬರ್ ೨೦೦೬

ಬದರಿನಾರಾಯಣ ರಾಯರಿಗೆ,

ಮಂಡಳಿಯ ಕಾಗದ ಬಂತು. ಸಂಕ್ರಾಂತಿಗೆ ನಮ್ಮಲ್ಲಿ ಇಳಿಯಬೇಕಿದ್ದ ನಲವತ್ತು ಜನ ಬೇರೆ ಮನೆಗೆ ಹೋಗುತ್ತಾರಂತೆ. ಕಾಗದದ ಒಂದೊಂದು ಪ್ರತಿ ಘಾಟಿನ ಉಳಿದ ನಾಲ್ಕು ಆಚಾರ್ಯರ ಮನೆಗೂ ಬಂದಿದೆ. ಅದನ್ನು ಹಿಡಿದು ಅಪ್ಪನನ್ನು ವಿಚಾರಿಸಲು ಬಂದವರಿಂದ ಅವರ ಮರೆವೂ ಈಗ ಎಲ್ಲರಿಗೂ ಗೊತ್ತಾಯಿತು. ನಿನ್ನೆ ಎದುರು ಮನೆಯವರು ಜಗುಲಿಯಲ್ಲಿ ಕೂತಿದ್ದ ಅವರನ್ನು ‘ಇವತ್ತು ಯಾವ ತಿಥಿ ಹೇಳ್ರಿ ಆಚಾರ್ರs’ ಎಂದು ಪರೀಕ್ಷೆ ಮಾಡಿದರು. ಅಪ್ಪ ನಗುತ್ತ ಕೂತಿದ್ದರು. ನನಗೆ ಆ ಮನೆಯ ಗೋಡೆ ಕೆಡವುವಷ್ಟು ಸಿಟ್ಟು ಬಂತು.

ನರಸಿಂಹ ತಂತಿ ಬಿಚ್ಚಿ ಹಾಕಿದ್ದಾನೆ. ನಾನೇ ನಿಮಗೆ ಹೇಳಿಕೊಟ್ಟು ದೂರು ಬರೆಸಿದೆ ಎಂದು ಅವನ ನಂಬಿಕೆ. ಒಂದೇ ಮನೆಯಲ್ಲಿದ್ದು ಹತ್ತು ದಿನದಿಂದ ನನ್ನ ಕೈಯ ಅನ್ನ ಉಣ್ಣುತ್ತಿಲ್ಲ.

ನಿಮ್ಮನ್ನು ಒಂದೇ ಕೇಳಬೇಕಾಗಿದೆ. ನವೆಂಬರ್ ಹನ್ನೆರಡರ ನಿಮ್ಮ ಪತ್ರ ಬಂದಿದೆ. ಎಂಟಕ್ಕೆ ನಾನು ಅಂಚೆಗೆ ಹಾಕಿದ್ದು ಆ ಹೊತ್ತಿಗೆ ನಿಮಗೆ ತಲುಪಿತ್ತೋ, ಇಲ್ಲವೋ? ದೂರು ಕೊಟ್ಟದ್ದು ಓದುವ ಮೊದಲೋ, ಓದಿದ ಮೇಲೋ? ಮೊದಲಾದರೆ ಅದು ನನ್ನ ಹಣೆಬರಹ, ನಾನು ತಡಮಾಡಿದ್ದಕ್ಕೆ ಆದದ್ದು. ಓದಿದ ಮೇಲಾದರೆ ನನಗೆ ಮತ್ತೆ ಬರೆಯಬೇಡಿ.

ನಾನು ಮಾಡಿದ್ದನ್ನು ಗುಟ್ಟಾಗಿಡಿ ಎಂದು ಕೇಳುವುದಿಲ್ಲ. ಮುಚ್ಚಿಟ್ಟು ಮುಚ್ಚಿಟ್ಟು ಸಾಕಾಗಿದೆ. ಯಾರಿಗೆ ಬೇಕಾದರೂ ಹೇಳಿ.

ಶ್ರೀರಮಾ


ರಾಯಚೂರು
೫ ಡಿಸೆಂಬರ್ ೨೦೦೬

ಶ್ರೀರಮಾ ಅವರೇ,

ಮೊದಲು. ಐದು ದಿನ ಮೊದಲು. ನಿಮ್ಮ ಪತ್ರ ಕೈಸೇರಿದ್ದು ಹದಿನೇಳಕ್ಕೆ, ಲಕೋಟೆಯ ಮೇಲೆ ರಾಯಚೂರಿನ ಮುದ್ರೆ ಇದೆ. ನನ್ನ ಮಾತು ನಂಬಬೇಡಿ, ಲಕೋಟೆಯನ್ನೇ ಇದರೊಳಗೆ ಇಟ್ಟಿದ್ದೇನೆ, ನೋಡಿಕೊಳ್ಳಿ.

ಇಷ್ಟಕ್ಕೇ ನಾನು ತಪ್ಪಿಸಿಕೊಂಡೆ ಎಂದು ತಿಳಿಯಬೇಡಿ. ನಿಮ್ಮ ಸಂಶಯ ಸುಳ್ಳಾಗಿರಲಿಲ್ಲ. ಓದಿದ ಮೇಲೆ ಎರಡು ದಿನ ನಾನು ಆ ಪತ್ರವನ್ನು ಮುಟ್ಟಲಿಲ್ಲ. ಹೆಂಗಸು ಇಟ್ಟ ಪಿಂಡ ಅಮ್ಮನಿಗೆ ಮುಟ್ಟುತ್ತದೆಯೇ ಎಂದು ಯೋಚಿಸಿದೆ. ಹೌದು, ನಾನೇ. ಇಪ್ಪತ್ತಮೂರು ವರ್ಷ ಪರಲೋಕವೂ ಇಲ್ಲ ಪಿಂಡವೂ ಇಲ್ಲ ಎಂದು ನಿಮ್ಮ ಜೊತೆ ವಾದಿಸಿದವನು. ತಂತಿಯ ಮೂಲಕ ಮುಟ್ಟುತ್ತದೆ ಎಂದು ಒಪ್ಪಿದ್ದೆ, ನಿಮ್ಮ ಕೈಯಿಂದ ಮುಟ್ಟುವುದಿಲ್ಲ ಎಂದು ಎರಡು ದಿನ ಅಂದುಕೊಂಡೆ. ನಾಚಿಕೆಯಾಗುತ್ತದೆ.

ಮೂರನೆಯ ದಿನ ಅಮ್ಮನ ಫೋಟೋ ಒರೆಸುತ್ತಿದ್ದಾಗ ಒಂದು ಮಾತು ಹೊಳೆಯಿತು. ಅವಳ ಹೆಸರನ್ನು ನಾನು ಬಾಯಿಬಿಟ್ಟು ಹೇಳಿ ಎಷ್ಟು ವರ್ಷವಾಯಿತು? ಅಮ್ಮ ಎಂದು ಕೂಗಿದ್ದೇನೆ, ಅರ್ಜಿಯಲ್ಲಿ ಬರೆದಿದ್ದೇನೆ, ಅಷ್ಟೇ. ನೀವು ಒದ್ದೆ ಸೀರೆಯಲ್ಲಿ ಕೂತು ಗಟ್ಟಿಯಾಗಿ ಹೇಳಿದ್ದೀರಿ. ಅವಳಿಗೆ ಬೇಕಿದ್ದದ್ದನ್ನು ಅವಳ ಮಗ ಮಾಡಲಿಲ್ಲ, ನೀವು ಮಾಡಿದಿರಿ. ಅದಕ್ಕೆ ಪ್ರತಿಯಾಗಿ ನಾನು ನಿಮ್ಮ ಮನೆ ಕೆಡಿಸಿದೆ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ಬುದ್ಧಿ ಬಂದ ಮೇಲೂ ನಿಮಗೆ ಯಾವ ಮುಖದಿಂದ ಬರೆಯಲಿ ಎಂದು ಹದಿನೈದು ದಿನ ಕಳೆದೆ.

ನಿಮ್ಮ ಎರಡನೆಯ ಪತ್ರ ಬಂದ ದಿನ, ಅಂದರೆ ನಿನ್ನೆ, ಮಂಡಳಿಗೆ ಹೋದೆ. ನಲವತ್ತು ಜನ ನಿಮ್ಮ ಮನೆಗೇ ಬರುತ್ತಾರೆ ಎಂದು ನಾನು ಮಾತು ಕೊಡಲಾರೆ. ಭಾನುವಾರ ಸಭೆ ಸೇರಿಸುತ್ತಾರಂತೆ, ಆಗಲಿಕ್ಕಿಲ್ಲ ಅನ್ನಿಸುತ್ತದೆ. ನರಸಿಂಹನಿಗೆ ಬೇರೆ ಪತ್ರ ಬರೆದಿದ್ದೇನೆ: ಹಕ್ಕಿಗಳನ್ನು ಹಿಡಿದವನು ನಾನು, ನಿಮ್ಮ ಅಕ್ಕನದು ಒಂದು ಮಾತೂ ಇಲ್ಲ, ಮೊದಲು ಅವರ ಕೈಯ ಅನ್ನ ಉಣ್ಣಿ ಎಂದು. ಮಂಡಳಿಯಲ್ಲಿ ನಡೆದದ್ದನ್ನು ಮಾತ್ರ ನಡೆದ ಹಾಗೆ ಬರೆಯುತ್ತೇನೆ, ನಿಮ್ಮಿಂದ ಏನನ್ನೂ ಮುಚ್ಚಿಡುವುದಿಲ್ಲ.

ಪ್ರಹ್ಲಾದಾಚಾರ್ಯರು ಇನ್ನಿಬ್ಬರು ಹಿರಿಯರ ಜೊತೆ ಕೂತಿದ್ದರು. ದೂರು ಹಿಂದಕ್ಕೆ ಕೊಡಿ ಎಂದೆ.

‘ಏನೋ ಬದರಿ, ನೀನs ಬರಕೊಟ್ಟಿ, ನೀನs ಬ್ಯಾಡಂತಿ. ಫೋಟೋ ಖೊಟ್ಟಿ ಅದನೋ ಇಲ್ಲೋ?’

‘ಖೊಟ್ಟಿ ಅದರಿ. ಆದ್ರ ಶ್ರಾದ್ಧ ಖೊಟ್ಟಿ ಅಲ್ಲ. ಅದು ಆಗ್ಯದ.’

‘ಹ್ಯಾಂಗ ಆಗ್ತದೋ? ಆಚಾರ್ರಿಗೆ ಹೆಸರs ನೆನಪಿಲ್ಲ ಅಂತಾರ. ನೋಡು, ನೀ ಸುಮ್ಮನ ನಮ್ಮ ಕಡೆಯಿಂದ ಇನ್ನೊಮ್ಮೆ ಮಾಡಿಸಿಬಿಡು. ಪದ್ಮಾಬಾಯಿ ಜೀವಕ್ಕೂ ಸಮಾಧಾನ ಆಗ್ತದ.’

‘ಇನ್ನೊಮ್ಮೆ ಮಾಡಸಂಗಿಲ್ರಿ. ಒಮ್ಮೆ ಕಾಶಿಯೊಳಗ ಆತು, ಸಾಕು.’

‘ಪಿಂಡ ಇಟ್ಟವರು ಯಾರು ಹಂಗಾರ?’

‘ಮಗಳು.’

ಮೂವರೂ ನನ್ನ ಮುಖ ನೋಡಿದರು. ಸೊಂಟಕ್ಕೆ ಕೊಟ್ಟ ಔಷಧ ತಲೆಗೇರಿದೆ ಅಂದುಕೊಂಡರೋ ಏನೋ. ಪ್ರಹ್ಲಾದಾಚಾರ್ಯರು ಮೆಲ್ಲಗೆ, ಮಗುವಿಗೆ ಹೇಳುವ ಹಾಗೆ, ‘ಬದರಿ, ನಿಮ್ಮವ್ವಗ ನೀ ಒಬ್ಬನs ಅಲ್ಲೇನೋ? ಹೆಣ್ಣುಮಕ್ಕಳು ಎಲ್ಲಿದ್ರು?’ ಎಂದರು.

‘ಒಬ್ಬಾಕಿ ಇದ್ದಾಳ್ರಿ’ ಎಂದೆ. ‘ಕಾಶಿಯೊಳಗ.’

ಬದರಿ